ಕರೆಯದೆ ಬರುವ ಹಬ್ಬ

ಅಕ್ಟೋಬರ್ 4

ಐದಕ್ಕೆ ಎದ್ದೆ. ಮುಖ ತೊಳೆದು, ಕಾಫಿ ಕುಡಿದು, ಕೋಟು ಹಾಕಿಕೊಂಡು ಒಂದು ಕಾಲಿಗೆ ಬೂಟೂ ಏರಿಸಿದ ಮೇಲೆ ನೆನಪಾಯಿತು, ಹೋಗಬೇಕಾಗಿಲ್ಲ ಅಂತ. ತಿಹೊಮಿರ್ ಹಾಸಿಗೆಯಿಂದಲೇ, "ಎಲ್ಲಿಗೆ ಹೊರಟೆ ಮಹರಾಯ್ತಿ? ನಿನ್ನ ಬಸ್ಸು ನಿನ್ನೇನೇ ಹೋಯ್ತು" ಎಂದ. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತನಾದ ಗಂಡ; ಮಾತೆಲ್ಲ ಬಸ್ಸಿನದೇ. ನನಗೆ ನಗು ಬರಲಿಲ್ಲ.

ನಿನ್ನೆ ಕಾರ್ಖಾನೆಯ ಊಟದ ಕೋಣೆಯಲ್ಲಿ ಯಜಮಾನರು, ರಾದಿಶಾ ಅವರು, ನಮ್ಮನ್ನೆಲ್ಲ ಸೇರಿಸಿ ಹೇಳಿದರು. ಆರ್ಡರುಗಳಿಲ್ಲ, ಹೊಲಿಗೆ ವಿಭಾಗ ಪೂರ್ತಿ ಮುಚ್ಚುತ್ತಿದ್ದಾರೆ. ಕಚೇರಿಯವರು ನಾಲ್ಕು ಜನ ಮತ್ತು ಗೇಟಿನ ಕಾವಲುಗಾರ ಉಳಿಯುತ್ತಾರಂತೆ. ಹೇಳುವಾಗ ಯಜಮಾನರು ಅತ್ತರು. ಕರವಸ್ತ್ರ ಸಿಗದೆ ಟೈಯಲ್ಲೇ ಕಣ್ಣೊರೆಸಿಕೊಂಡರು. ಅವರೂ ಒಂದು ಕಾಲದಲ್ಲಿ ನಮ್ಮ ಜೊತೆ ತೊಗಲಿನ ಗಾಡಿ ತಳ್ಳಿದವರು. ಸರ್ಕಾರ ಕಾರ್ಖಾನೆ ಮಾರಿದಾಗ ಧೈರ್ಯ ಮಾಡಿ ಕೊಂಡವರು. ಅವರಿಗೂ ಎಷ್ಟು ಸಂಕಟವಾಗಿರಬೇಡ. ಆರನೇ ಮಷೀನಿನ ಝಾಗೊರ್ಕಾ ಮಾತ್ರ ನನ್ನ ಕಿವಿಯಲ್ಲಿ, "ಅಳೋದಕ್ಕೇನು ಖರ್ಚಾ?" ಅಂದಳು. ಅವಳ ನಾಲಿಗೆಯೇ ಹಾಗೆ.

ಬರೆಯಲು ಕೈಗೆ ಸಿಕ್ಕಿದ್ದು ಹೊಸ ವರ್ಷಕ್ಕೆ ಕಾರ್ಖಾನೆ ಕೊಟ್ಟ ಡೈರಿ. ರಟ್ಟಿನ ಮೇಲೆ ಬಂಗಾರದ ಬಣ್ಣದ ಬೂಟು. ಇಷ್ಟು ದಿನ ಇದರಲ್ಲಿ ತಿಹೊಮಿರನ ಬಿ.ಪಿ. ಬರೆಯುತ್ತಿದ್ದೆ.

ಏಪ್ರನ್ನಿನ ಜೇಬಿನಲ್ಲಿ ನನ್ನ ತೊಗಲಿನ ತುಂಡು ಮನೆಗೆ ಬಂದುಬಿಟ್ಟಿದೆ. ನಮ್ಮ ಮಷೀನುಗಳು ಹಳೆಯವು. ನನ್ನ ಏಳನೇ ನಂಬರಿನದಕ್ಕೆ ಸೂಜಿಯ ಕಂಬದ ಹಿಂದೆ ಈ ತುಂಡು ಸಿಕ್ಕಿಸದಿದ್ದರೆ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ. ಪ್ರತಿಯೊಂದು ಮಷೀನಿಗೂ ಒಂದೊಂದು ಜಾಗ, ಪ್ರತಿಯೊಬ್ಬಳ ಕೈಗೂ ಒಂದೊಂದು ದಪ್ಪ. ಪಾಳಿ ಮುಗಿದ ಕೂಡಲೇ ನಮ್ಮದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದು, ಮುಂದಿನ ಪಾಳಿಯವಳು ತನ್ನದನ್ನು ಸಿಕ್ಕಿಸುವುದು, ಇದು ಮೊದಲಿನಿಂದ ಬಂದ ಅಭ್ಯಾಸ. ತುಂಡು ಕಾರ್ಖಾನೆಯದು. ಯಾವಾಗಲಾದರೂ ಹೋಗಿ ವಾಪಸು ಕೊಡಬೇಕು.

ಅಕ್ಟೋಬರ್ 13

ಹಿತ್ತಲಲ್ಲಿ ಝಾಗೊರ್ಕಾ ಜೊತೆ ಚಳಿಗಾಲಕ್ಕೆ ಐವಾರ್ ಚಟ್ನಿ ಮಾಡಿದೆ. ಬೆಳಗ್ಗೆಯಿಂದ ಕೆಂಪು ಮೆಣಸು ಸುಟ್ಟು, ಸಿಪ್ಪೆ ಸುಲಿದು, ಕಡಾಯಿಯಲ್ಲಿ ತಿರುವಿ ತಿರುವಿ ರಟ್ಟೆ ಬಿದ್ದುಹೋಯಿತು. ಅವಳಿಗೆ ತಿರುವುವುದಕ್ಕಿಂತ ಬೈಯುವುದರಲ್ಲೇ ಉತ್ಸಾಹ. ಕಾರ್ಖಾನೆಯ ಗೇಟಿನ ಎದುರು ಎಲ್ಲರೂ ಕೂರೋಣ, ಟಿ.ವಿ.ಯವರನ್ನು ಕರೆಯೋಣ ಎಂದಳು.

"ನಾನು ಬರಲ್ಲ," ಎಂದೆ. "ಊರವರ ಮುಂದೆ ಯಜಮಾನ್ರ ಮಾನ ತೆಗೆಯೋದು ನನ್ನ ಕೈಲಾಗಲ್ಲ."

"ಅವನ ಮಾನ ಕಾಯೋ ಕೆಲಸ ಕೊಟ್ಟಿದಾನಾ ನಿನಗೆ? ಸಂಬಳ ಎಷ್ಟು?"

"ಡಿಸೆಂಬರಲ್ಲಿ ಸ್ಲಾವಾ ಇದೆ. ಕೊಲಾಚ್ ತಗೊಂಡಿರೋಳು ನಾನು. ಗೇಟಲ್ಲಿ ಕೂಗಾಡಿ ಆಮೇಲೆ ಅದೇ ಗೇಟಲ್ಲಿ ಬ್ರೆಡ್ಡು ಹಿಡ್ಕೊಂಡು ಹೋಗ್ಲಾ?"

ಅವಳು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. "ಅಯ್ಯೋ ದೇವರೇ, ಹೋಗೇ ಹೋಗ್ತಾಳೆ ಇವಳು," ಎಂದಳು.

ಹೋಗದೆ ಏನು ಮಾಡಲಿ? ಕಳೆದ ವರ್ಷ ಸ್ಲಾವಾಕ್ಕೆ, ಅಂದರೆ ಕಾರ್ಖಾನೆಯನ್ನು ಕಾಯುವ ಸಂತ ಸ್ಪಿರಿದೋನನ ಹಬ್ಬದ ದಿನ, ಪಾದ್ರಿ "ಮುಂದಿನ ವರ್ಷಕ್ಕೆ ಯಾರು?" ಎಂದಾಗ ನಾನೇ ಮುಂದೆ ಬಂದು ಹಬ್ಬದ ಬ್ರೆಡ್ಡಾದ ಕೊಲಾಚಿನ ಅರ್ಧಕ್ಕೆ ಮುತ್ತಿಟ್ಟು ಮನೆಗೆ ತಂದೆ. ತಂದವರು ಮುಂದಿನ ಹಬ್ಬದ ಮನೆಯವರು. ಹೊಸ ಕೊಲಾಚ್ ಬೇಯಿಸಬೇಕು, ಸಕ್ಕರೆ ಅಕ್ರೋಟು ಹಾಕಿ ಗೋಧಿ ಕಲಸಬೇಕು, ಬಂದವರಿಗೆಲ್ಲ ಬಡಿಸಬೇಕು. ಬೂಟು ಹೊಲಿಯುವವರ ಸಂತನಿಗೆ ಕೊಟ್ಟ ಮಾತು. ಕೆಲಸದಿಂದ ತೆಗೆದರು, ಅದಕ್ಕೇ ಬರಲಿಲ್ಲ ಎಂದು ಸಂತನಿಗೆ ಹೇಳಲಾಗುತ್ತದೆಯೇ?

ತಿಹೊಮಿರ್ ಹೇಳುವುದು: "ಡಿಪೋದಿಂದ ಕಳಿಸಿದ ಮೇಲೂ ಟಿಕೆಟ್ ಹರೀತೀನಿ ಅಂತಿದೀಯ."

ಅಕ್ಟೋಬರ್ 30

ಉದ್ಯೋಗ ಕಚೇರಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತೆ, ನನಗೆ ಮಗಳಾಗುವ ವಯಸ್ಸಿನವಳು, "ನಿಮಗೆ ಇನ್ನೇನು ಬರುತ್ತೆ?" ಎಂದು ಕೇಳಿದಳು. ಬೂಟಿನ ಮೇಲ್ಭಾಗ ಹೊಲಿಯಲು ಬರುತ್ತದೆ ಎಂದೆ. ಅದಲ್ಲದೆ ಎಂದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಯೋಚಿಸಿದೆ. ಅದಲ್ಲದೆ ಏನೂ ಇಲ್ಲ.

ನವೆಂಬರ್ 17

ಯಜಮಾನರು ಮನೆಗೆ ಬಂದಿದ್ದರು! ಕೈಯಲ್ಲಿ ಕಾಫಿ ಪುಡಿ, ಒಂದು ಡಬ್ಬಿ ಸಿಹಿ. ಬಾಗಿಲಲ್ಲೇ ಬೂಟು ಬಿಚ್ಚಿ, ನಮ್ಮ ಹಳೆಯ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಯಲ್ಲಿ ಕೂತರು. ಕುಂಟುವ ಮೇಜಿನ ಮೇಲೆ ಕಾಫಿ ತುಳುಕಿ ಅವರ ತೋಳಿನ ಮೇಲೆ ಬಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನಕ್ಕುಬಿಟ್ಟರು.

"ಸ್ತಾಮೆನಕ್ಕಾ, ಸ್ಲಾವಾಕ್ಕೆ ನಿಮ್ಮನ್ನೆಲ್ಲ ಕರೆಯೋಣ ಅಂತ ಬಂದೆ."

"ಕರೆಯೋದೇನು ಯಜಮಾನ್ರೇ, ಸ್ಲಾವಾಕ್ಕೆ ಯಾರಾದ್ರೂ ಕರೀತಾರಾ? ಬರೋರು ಬರ್ತಾರೆ. ಬಂದೋರನ್ನ ಬಾಗಿಲಲ್ಲಿ ನಿಲ್ಲಿಸೋ ಹಾಗಿಲ್ಲ, ಅಷ್ಟೇ."

"ಅದು ಸರಿ. ಆದ್ರೆ ಈ ಸಲ ಎಲ್ರೂ ಬರಬೇಕು. ಇಸ್ತಾಂಬುಲ್‌ನಿಂದ ದೊಡ್ಡ ವ್ಯಾಪಾರಿ ಬರ್ತಿದಾರೆ, ನೆದೀಮ್ ಅಂತ. ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಮಷೀನಿನ ಮೇಲೆ ಕೂತು ಹೊಲಿದು ತೋರಿಸಿ. ಅವರಿಗೆ ಹಿಡಿಸಿದ್ರೆ ನಮ್ಮ ಕಷ್ಟ ಎಲ್ಲ ತೀರಿದ ಹಾಗೆ. ನೀನು ಹೇಳಿದ್ರೆ ಹೆಂಗಸರು ಕೇಳ್ತಾರೆ ಅಕ್ಕಾ."

ಅಕ್ಕಾ ಅಂದರು. ಕರೆಯುವ ಪದ್ಧತಿಯಿಲ್ಲದ ಹಬ್ಬಕ್ಕೂ ಬಂದು ಕರೆದರು, ಎಷ್ಟು ವಿನಯ. ಆರ್ಡರು ಬಂದರೆ ಜನವರಿಯಲ್ಲೇ ಕೆಲಸ ಶುರುವಾಗಬಹುದು. ತಿಹೊಮಿರ್ ಕಾಫಿ ಪುಡಿ ಮೂಸಿ ನೋಡಿ, "ದುಬಾರಿ ಮಾಲು. ಏನೋ ದೊಡ್ಡದೇ ಬೇಕಾಗಿದೆ ಅವರಿಗೆ" ಎಂದ. ಈ ಮನುಷ್ಯನಿಗೆ ಯಾರ ಮೇಲೂ ನಂಬಿಕೆಯಿಲ್ಲ.

ನವೆಂಬರ್ 24

ಒಂದು ವಾರ ಮನೆಮನೆ ತಿರುಗಿದೆ. ಹೆಚ್ಚಿನವರು ಒಪ್ಪಿದರು. ಬೋಸಿಲ್ಕಾಗೆ ಗಂಡನಿಲ್ಲ, ಇಬ್ಬರು ಮಕ್ಕಳು. ನನ್ನ ಕೈ ಹಿಡಿದುಕೊಂಡು, "ನೀವು ಹೇಳಿದ್ರೆ ಬರ್ತೀನಿ ಸ್ತಾಮೆನಕ್ಕಾ. ಆರ್ಡರ್ ಬಂದ್ರೆ ನನ್ನನ್ನ ಮೊದಲು ಕರೀತಾರಾ?" ಎಂದಳು. ಕರೆಯುತ್ತಾರೆ, ನಾನಿದ್ದೇನೆ ಎಂದೆ.

ಕೊನೆಗೆ ಝಾಗೊರ್ಕಾ ಮನೆ. ಕೂರು ಅನ್ನುವ ಮೊದಲೇ "ಬರಲ್ಲ" ಅಂದಳು.

"ಅವರ ಬ್ರೆಡ್ಡು ತಿಂದಿದೀವಿ ಕಣೇ. ಅಷ್ಟಾದ್ರೂ ಋಣ ಬೇಡ್ವಾ?"

"ನಾನು ಹೊಲಿದ ಬೂಟು ಮಾರಿ ಅವನು ತಿಂದ. ತಿಂದು ಉಳಿದಿದ್ದು ನನಗೆ ಕೊಟ್ಟ. ಋಣ ಯಾರ ತಲೆ ಮೇಲಿದೆ ಅಂತ ನೀನೇ ಹೇಳು."

"ಅವರಿಗೂ ಕಷ್ಟ ಬಂದಿದೆ."

"ಹೌದು ಪಾಪ. ಹೊಸ ಕಾರು ತಗೊಂಡು ಊರೆಲ್ಲ ಹುಡುಕ್ತಾ ಇದಾನೆ, ಕಷ್ಟ ಎಲ್ಲಿದೆ ಅಂತ."

"ಅವರಿಗೋಸ್ಕರ ಬೇಡ. ಸಂತನಿಗೋಸ್ಕರ ಬಾ."

ಸಂತ ಸ್ಪಿರಿದೋನ್ ಕಷ್ಟದಲ್ಲಿರುವವರ ಮನೆಗಳಿಗೆ ನಡೆದು ನಡೆದು ಪ್ರತಿ ವರ್ಷ ಒಂದು ಜೊತೆ ಪಾದರಕ್ಷೆ ಸವೆಸುತ್ತಾನೆ ಎಂದು ನಮ್ಮವರೆಲ್ಲ ನಂಬುತ್ತೇವೆ. ಝಾಗೊರ್ಕಾ ಅದನ್ನೂ ಬಿಡಲಿಲ್ಲ. "ಈ ವರ್ಷ ಬರಿಗಾಲಲ್ಲಿ ಬರ್ತಾನೆ ಬಿಡು. ಹೊಲಿಯೋರನ್ನೆಲ್ಲ ಮನೆಗೆ ಕಳಿಸಿದಾರಲ್ಲ."

ಸಿಟ್ಟು ಬಂತು. ಇಪ್ಪತ್ತು ವರ್ಷ ಪಕ್ಕಪಕ್ಕ ಕೂತು ಹೊಲಿದವಳು. ಅವಳ ಮೊಣಕೈ ನನ್ನ ಮೊಣಕೈಗೆ ತಾಗದ ದಿನವಿಲ್ಲ. ಹೋಗುತ್ತೇನೆ ಅಂತಲೂ ಹೇಳದೆ ಎದ್ದು ಬಂದೆ.

ಡಿಸೆಂಬರ್ 24

ಕೊಲಾಚ್ ಚೆನ್ನಾಗಿ ಉಬ್ಬಿದೆ. ಮೇಲೆ ಹಿಟ್ಟಿನಿಂದ ಶಿಲುಬೆ, ದ್ರಾಕ್ಷಿ ಗೊಂಚಲು, ಒಂದು ಹಕ್ಕಿ, ಒಂದು ಪುಟ್ಟ ಬೂಟು. ಬೂಟಿಗೆ ಸೂಜಿಯಲ್ಲಿ ಹೊಲಿಗೆಯ ಗುರುತೂ ಹಾಕಿದೆ. ಉಪವಾಸದ ತಿಂಗಳು, ಮಾಂಸ, ಹಾಲು, ಮೊಟ್ಟೆ ಮುಟ್ಟುವ ಹಾಗಿಲ್ಲ; ಆದ್ದರಿಂದ ಹುರುಳಿಕಾಯಿ ಬೀಜದ ಪಲ್ಯ, ಮೀನು. ಅಡುಗೆಮನೆಯೆಲ್ಲ ಈರುಳ್ಳಿ, ಮೆಣಸಿನ ಪುಡಿಯ ಘಮ. ತಿಹೊಮಿರ್ ಅಕ್ರೋಟು ಒಡೆದುಕೊಟ್ಟ. ಬಹಳ ದಿನದ ಮೇಲೆ ಖುಷಿಯಾಗಿದ್ದೇನೆ.

ಡಿಸೆಂಬರ್ 25

ಎಲ್ಲ ಚೆನ್ನಾಗಿ ಆಯಿತು. ಚೆನ್ನಾಗಿಯೇ ಆಯಿತು ಅನ್ನಬೇಕು.

ಬೆಳಗ್ಗೆಯೇ ಹೊಲಿಗೆಯ ಹಜಾರದಲ್ಲಿ ಒಲೆ ಹಚ್ಚಿ ಬೆಚ್ಚಗೆ ಮಾಡಿಸಿದ್ದರು. ಪ್ರತಿ ಮಷೀನಿನ ಮೇಲೂ ಹೊಸ ನೀಲಿ ಏಪ್ರನ್ನು ಮಡಿಸಿಟ್ಟಿತ್ತು. ನಾನು ಬೇಡ ಎಂದು ನನ್ನ ಹಳೆಯದನ್ನೇ ಹಾಕಿಕೊಂಡೆ. ಪಾದ್ರಿ ಬಂದರು, ಮೇಣದ ಬತ್ತಿ ಹಚ್ಚಿದೆ. ಎಲ್ಲರೂ ಕೈ ಹಾಕಿ ಕೊಲಾಚನ್ನು ತಿರುಗಿಸಿದೆವು, ಮೇಲೆ ಕೆಂಪು ವೈನ್ ಸುರಿದು ಮುರಿದೆವು. "ಮುಂದಿನ ವರ್ಷಕ್ಕೆ ಯಾರು?" ಎಂದರು ಪಾದ್ರಿ. ಯಾರೂ ತಲೆ ಎತ್ತಲಿಲ್ಲ. ಕೆಲಸವೇ ಇಲ್ಲದವರು ಯಾವ ಧೈರ್ಯದ ಮೇಲೆ ಕೈ ಚಾಚಬೇಕು?

ಆಗ ಯಜಮಾನರು ಮುಂದೆ ಬಂದರು. "ಮುಂದಿನ ವರ್ಷಕ್ಕೆ ನಾನೇ," ಎಂದು ಅರ್ಧ ಕೊಲಾಚ್ ಎತ್ತಿಕೊಂಡು ಮುತ್ತಿಟ್ಟರು. ಮುಂದಿನ ವರ್ಷ ಹಬ್ಬ ಇದೆ ಅಂದರೆ ಕಾರ್ಖಾನೆಯೂ ಇದೆ ಅಂತಲೇ ಅಲ್ಲವೇ! ಬೋಸಿಲ್ಕಾ ಅತ್ತೇಬಿಟ್ಟಳು. ಝಾಗೊರ್ಕಾ ಇದನ್ನು ನೋಡಬೇಕಿತ್ತು.

ಊಟವಾದ ಮೇಲೆ ಮಷೀನಿಗೆ ಕೂತೆವು. ತೊಗಲಿನ ತುಂಡು ಸಿಕ್ಕಿಸಿದೆ, ಪೆಡಲಿನ ಮೇಲೆ ಕಾಲಿಟ್ಟೆ. ಹಜಾರದಲ್ಲಿ ಎಲ್ಲ ಮಷೀನೂ ಒಟ್ಟಿಗೆ ಓಡಿದವು, ಆರನೆಯದೊಂದು ಬಿಟ್ಟು.

ನೆದೀಮ್ ಅವರು ಮರ್ಯಾದಸ್ಥ ಮನುಷ್ಯ. ವೈನ್ ಮುಟ್ಟಲಿಲ್ಲ, ಪಲ್ಯ ಎರಡು ಸಲ ಹಾಕಿಸಿಕೊಂಡರು. ನನ್ನ ಹತ್ತಿರ ಬಂದು ನಿಂತು, ಈ ಮಷೀನು ತೊಂದರೆ ಕೊಡುತ್ತದೆಯೇ ಎಂದು ದುಭಾಷಿಯ ಮೂಲಕ ಕೇಳಿದರು. ನನಗೆ ರೋಷ ಬಂತು. "ತೊಂದರೆನಾ? ಇದು ನನ್ನ ಮಗು ಇದ್ದ ಹಾಗೆ ಸ್ವಾಮಿ. ಹೊತ್ತಿಗೆ ಸರಿಯಾಗಿ ಎಣ್ಣೆ ಹಾಕಿ, ಇನ್ನೂ ಇಪ್ಪತ್ತು ವರ್ಷ ಓಡುತ್ತೆ," ಎಂದೆ. ಪಕ್ಕದವಳನ್ನು ಕೇಳಿದರು, ಅವಳೂ ಹಾಗೇ ಹೊಗಳಿದಳು. ಹೀಗೆ ಇಡೀ ಸಾಲು. ಅವರು ಬಗ್ಗಿ ಮಷೀನುಗಳ ಅಡಿಯ ನಂಬರುಗಳ ಫೋಟೋ ತೆಗೆದುಕೊಂಡರು. ಹೊಲಿದ ಬೂಟನ್ನು ಮಾತ್ರ ಕೈಯಲ್ಲೂ ಹಿಡಿಯಲಿಲ್ಲ. ನಾಚಿಕೆಯ ಸ್ವಭಾವವಿರಬೇಕು.

ಯಜಮಾನರು ಅತಿಥಿಗಳ ಜೊತೆ ಲೆಸ್ಕೊವಾತ್ಸ್ ಪಟ್ಟಣಕ್ಕೆ ಊಟಕ್ಕೆಂದು ಹೊರಟುಹೋದರು. ಆಗಷ್ಟೇ ನಮ್ಮ ಊಟವಾಗಿತ್ತು. ಪಾತ್ರೆ ತೊಳೆಯುವಾಗ ನೋಡಿದರೆ ಅವರ ಅರ್ಧ ಕೊಲಾಚ್ ಊಟದ ಕೋಣೆಯ ಕಿಟಕಿಯಲ್ಲೇ ಇದೆ, ಪಕ್ಕದಲ್ಲಿ ಯಾರೋ ಸಿಗರೇಟು ಆರಿಸಿದ್ದಾರೆ. ಗಡಿಬಿಡಿಯಲ್ಲಿ ಮರೆತಿರಬೇಕು. ಒರೆಸಿ, ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಫ್ರೀಜರಿನಲ್ಲಿಟ್ಟಿದ್ದೇನೆ. ಕೇಳಿದಾಗ ಕೊಡೋಣ.

ತೊಗಲಿನ ತುಂಡು ಮತ್ತೆ ಜೇಬಿನಲ್ಲಿ ಬಂದಿದೆ. ಏಳುವಾಗ ಎಲ್ಲರೂ ಕಿತ್ತುಕೊಂಡೆವು. ಕೈಗೆ ಬಂದ ಅಭ್ಯಾಸ.

ಜನವರಿ 2

ಫೋನಿಲ್ಲ. ರಜೆಯ ದಿನಗಳು, ಯಾರು ಕೆಲಸದ ಮಾತಾಡುತ್ತಾರೆ? ಈ ವರ್ಷ ಡೈರಿ ಕೊಟ್ಟಿಲ್ಲ. ಹಳೆಯದರಲ್ಲೇ ತಾರೀಖು ಹೊಡೆದು ಬರೆಯುತ್ತಿದ್ದೇನೆ.

ಜನವರಿ 7

ಹಳೆಯ ಪಂಚಾಂಗದ ಪ್ರಕಾರ ನಮ್ಮ ಕ್ರಿಸ್ಮಸ್ ಇವತ್ತು. ಚರ್ಚಿನ ಅಂಗಳದಲ್ಲಿ ಬೋಸಿಲ್ಕಾ, "ಫೋನ್ ಬಂತಾ ಅಕ್ಕಾ?" ಎಂದಳು. ಬರುತ್ತದೆ ಎಂದೆ. ಯಜಮಾನ ಮುಂದಿನ ಸಾಲಿನಲ್ಲಿದ್ದ. ನಮ್ಮ ಕಡೆ ತಿರುಗಲಿಲ್ಲ.

ಜನವರಿ 15

ತಿಹೊಮಿರ್ ಬ್ರೆಡ್ಡು ತರಲು ಹೋದವನು ಬರಿಗೈಯಲ್ಲಿ ಓಡಿಬಂದ. "ಕೋಟು ಹಾಕ್ಕೋ," ಎಂದ. ಬಸ್ಸಿನ ತಮಾಷೆ ಇಲ್ಲ, ಏನೂ ಇಲ್ಲ.

ಕಾರ್ಖಾನೆಯ ಅಂಗಳದಲ್ಲಿ ತುರ್ಕಿ ನಂಬರಿನ ಎರಡು ಲಾರಿ. ಒಂದು ತುಂಬಿತ್ತು, ಇನ್ನೊಂದು ತುಂಬುತ್ತಿತ್ತು. ಕಂಬಳಿಯಲ್ಲಿ ಸುತ್ತಿದರೂ ನನ್ನ ಏಳನೇ ನಂಬರು ನನಗೆ ಗೊತ್ತಾಗುವುದಿಲ್ಲವೇ? ಅದರ ಒಂದು ಕಾಲಿಗೆ ನಾನೇ ಹಸಿರು ಬಣ್ಣ ಬಳಿದಿದ್ದೆ. ಗೇಟಿನ ಕಾವಲುಗಾರ ನನ್ನ ಮುಖ ನೋಡಲಾರದೆ, "ಅವತ್ತು ಆ ವ್ಯಾಪಾರಿ ಬಂದಿದ್ದು ಮಷೀನು ನೋಡೋಕೇ ಅಂತೆ ಅಕ್ಕಾ. ಕಟ್ಟಡಕ್ಕೂ ಗಿರಾಕಿ ಸಿಕ್ಕಿದಾರಂತೆ," ಎಂದ.

ನಮ್ಮ ಮನೆಗೆ ಬಂದ ದಿನ ಯಜಮಾನ ಆರ್ಡರು ಎಂಬ ಮಾತನ್ನು ಆಡಿಯೇ ಇರಲಿಲ್ಲ. ಎಲ್ಲ ನೆನಪಿಸಿಕೊಂಡೆ, ಕಾಫಿ ತುಳುಕಿದ್ದರಿಂದ ಹಿಡಿದು. ಹಿಡಿಸಿದರೆ ಕಷ್ಟ ತೀರಿದ ಹಾಗೆ, ಎಂದ. ತೀರಿತು, ಅವನದು. ಬೆಲೆ ಹೇಳಿದ್ದು ರಾದಿಶಾ, ಮಾಲು ಹೊಗಳಿದ್ದು ನಾನು. ನನ್ನ ಮಗು ಇದ್ದ ಹಾಗೆ, ಎಂದೆ. ಹಾಗೆಂದು ಹೇಳಿ ಮಾರಿಸಿದೆ. ಸಂತನ ಎದುರು, ಉರಿಯುವ ಬತ್ತಿಯ ಎದುರು. ನನ್ನ ಮಾತು ನಂಬಿ ಬಂದವರೆಲ್ಲರ ಕೈಯಿಂದಲೂ ಮಾರಿಸಿದೆ.

ಜನವರಿ 16

ಏನೂ ಇಲ್ಲ.

ಜನವರಿ 19

ಫ್ರೀಜರಿನಿಂದ ಅರ್ಧ ಕೊಲಾಚ್ ತೆಗೆದು ಝಾಗೊರ್ಕಾ ಮನೆಗೆ ಹೋದೆ. ಬಾಗಿಲು ತೆಗೆದವಳು ಒಳಗೆ ಬಾ ಅನ್ನಲಿಲ್ಲ. ಅಡ್ಡ ನಿಂತಳು.

"ನನ್ನ ಹತ್ರ ಯಾಕೆ ತಂದೆ? ನಾನು ಆವತ್ತು ಬಂದೇ ಇರಲಿಲ್ಲ."

"ಅದಕ್ಕೇ ತಂದೆ."

"ಅವನು ಮುತ್ತಿಟ್ಟಿದ್ದು, ಅವನ ಮನೆಗೆ ಕೊಡು."

"ಮುತ್ತಿಟ್ಟ, ಕಿಟಕೀಲಿ ಬಿಟ್ಟು ಹೋದ. ಪಕ್ಕದಲ್ಲಿ ಸಿಗರೇಟು ಆರಿಸಿದ್ರು."

ಬಯ್ಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. "ಕಾರ್ಖಾನೆನೇ ಇಲ್ಲ ಕಣೇ. ಇನ್ನು ಸ್ಲಾವಾ ಯಾರದ್ದು?" ಎಂದಳು.

"ಹೊಲಿದೋರದ್ದು."

"ಹಾಗಾದ್ರೆ ಹೊಲಿದೋರ ಮನೆಗೆಲ್ಲ ಹೋಗು. ಮಾತು ಕೊಟ್ಟು ಕರ್ಕೊಂಡು ಹೋಗಿದ್ದೀಯಲ್ಲ, ಈಗ ಹೋಗಿ ಹೇಳು, ಏನು ಮಾಡ್ದೆ ಅಂತ. ಆಮೇಲೆ ಬಾ."

ಬಾಗಿಲು ಹಾಕಿಕೊಂಡಳು.

ಫೆಬ್ರವರಿ 2

ಎಲ್ಲರ ಮನೆಗೂ ಹೋದೆ. ಕೆಲವರು ಕಾಫಿ ಕೊಟ್ಟರು. ಒಬ್ಬಳು, "ಅವನಾದ್ರೂ ಪರವಾಗಿಲ್ಲ, ಅವನು ಯಜಮಾನ. ನಿನ್ನನ್ನ ನಂಬಿದ್ವಲ್ಲ" ಎಂದಳು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಬೋಸಿಲ್ಕಾ ಮನೆಗೆ ಬೀಗ. ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಆಸ್ಟ್ರಿಯಾಗೆ ಮುದುಕರ ಸೇವೆಗೆ ಹೋದಳಂತೆ. ಅವಳಿಗೆ ಹೇಳಲಾಗಲೇ ಇಲ್ಲ. ಇದೊಂದು ಹಾಗೇ ಉಳಿಯುತ್ತದೆ.

ಸಂಜೆ ಝಾಗೊರ್ಕಾ ತಾನೇ ಬಂದಳು. ಮೇಜಿನ ಮೇಲಿದ್ದ ಬಟ್ಟೆ ಬಿಚ್ಚಿ, ಒಣಗಿ ಕಲ್ಲಾದ ಕೊಲಾಚಿಗೆ ಮುತ್ತಿಟ್ಟು ಚೀಲಕ್ಕೆ ಹಾಕಿಕೊಂಡಳು. "ಡಿಸೆಂಬರಲ್ಲಿ ನಮ್ಮ ಮನೇಲಿ. ಏನು ಬಡಿಸ್ತೀಯ ಅಂತ ಮಾತ್ರ ಕೇಳಬೇಡ," ಎಂದಳು.

"ರಾದಿಶಾ ಬಂದ್ರೆ?" ಎಂದ ತಿಹೊಮಿರ್.

"ಸ್ಲಾವಾ ದಿನ ಬಾಗಿಲು ಮುಚ್ಚೋ ಹಾಗಿಲ್ಲವಲ್ಲ. ಬಂದ್ರೆ ಕೂರ್ತಾನೆ, ನಮ್ಮೆಲ್ಲರ ಮಧ್ಯದಲ್ಲೇ."

ತೊಗಲಿನ ತುಂಡನ್ನು ಅಡುಗೆಮನೆಯ ಮೇಜಿನ ಕುಂಟುಗಾಲಿನ ಕೆಳಗೆ ಸಿಕ್ಕಿಸಿದೆ. ಸರಿಯಾಗಿ ಕೂತಿತು.

ಫೆಬ್ರವರಿ 11

ಏಳೂವರೆಗೆ ಎದ್ದೆ. ಕಾಫಿ ಕುಡಿಯುತ್ತಿದ್ದಾಗ ಫೋನ್ ಬಂತು. ರಾದಿಶಾ.

"ಸ್ತಾಮೆನಕ್ಕಾ, ಹೇಗಿದೀಯ? ತಿಹೊಮಿರ್ ಆರೋಗ್ಯ ಹೇಗಿದೆ?"

"ಏನಾಗಬೇಕಿತ್ತು?"

"ಆ ಮಷೀನುಗಳು... ನೆದೀಮ್ ದಿನಾ ಫೋನ್ ಮಾಡಿ ತಲೆ ತಿಂತಿದಾನೆ. ಒಂದೂ ನೆಟ್ಟಗೆ ಹೊಲೀತಿಲ್ವಂತೆ. ನೀವು ಕೂತಾಗ ಹೂವಿನ ಹಾಗೆ ಓಡಿದ್ವು. ಏನೋ ಮಾಡಿದೀರಿ ನೀವು."

"ಏನೂ ಮಾಡಿಲ್ಲ. ಪಾಳಿ ಮುಗೀತು, ಎದ್ದು ಬಂದ್ವಿ."

"ಎರಡು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ ಅಕ್ಕಾ? ಅವನು ಉಳಿದ ದುಡ್ಡು ತಡೆ ಹಿಡಿದಿದಾನೆ. ಇಷ್ಟು ವರ್ಷ ಒಂದೇ ಮನೆಯವರ ಹಾಗೆ ಇದ್ವಿ. ಸ್ವಲ್ಪನಾದ್ರೂ ಋಣ..."

ಕೈ ಮೇಜಿನ ಮೇಲಿತ್ತು. ಒತ್ತಿ ನೋಡಿದೆ, ತೊಗಲಿನ ತುಂಡಿನ ಮೇಲೆ ಅದು ಅಲುಗಲಿಲ್ಲ. ನೆದೀಮ್ ಪಾಪದವನು, ಪಲ್ಯ ಎರಡು ಸಲ ಹಾಕಿಸಿಕೊಂಡವನು. ಅವನ ಮೇಲೆ ನನಗೇನೂ ಸಿಟ್ಟಿಲ್ಲ.

"ಹೇಳ್ತೀನಿ ರಾದಿಶಾ," ಎಂದೆ. "ಡಿಸೆಂಬರ್ ಇಪ್ಪತ್ತೈದನೇ ತಾರೀಖು, ಝಾಗೊರ್ಕಾ ಮನೇಲಿ. ಹೊಲಿಯೋರೆಲ್ಲ ಇರ್ತಾರೆ, ಎಲ್ಲರ ಮುಂದೆ ಕೇಳು, ಹೇಳ್ತೀವಿ. ನೆದೀಮ್ ಅವರನ್ನೂ ಕರ್ಕೊಂಡು ಬಾ."

"ಡಿಸೆಂಬರಾ? ತಮಾಷೆ ಮಾಡ್ತಿದೀಯಾ? ನನ್ನನ್ನ ಸ್ಲಾವಾಕ್ಕೆ ಕರೀತಿದೀಯಾ ನೀನು?"

"ಇಲ್ಲಪ್ಪ. ಸ್ಲಾವಾಕ್ಕೆ ಯಾರನ್ನೂ ಕರೆಯಲ್ಲ," ಎಂದು ಫೋನಿಟ್ಟೆ.